ಶನಿವಾರದ ತಕಲಿ

ಶನಿವಾರ ಬೆಳಿಗ್ಗೆಯೇ ಅತ್ತೆ ಬ್ರಿಯಾಂಡಾ ತಕಲಿ ಹಿಡಿದು ಬೀದಿಕಡೆಯ ಕಿಟಕಿಯಲ್ಲಿ ಕೂತದ್ದನ್ನು ಕಂಡು ರಿಬ್ಕಾಳಿಗೆ ಮೈಯೆಲ್ಲ ಉರಿಯಿತು. ಯೆಹೂದಿಗಳು ಶನಿವಾರ ಕೈಕೆಲಸ ಮುಟ್ಟುವಂತಿಲ್ಲ. ರಿಬ್ಕಾಳ ಗಂಡ ಸಕ್ಕರೆ ವ್ಯಾಪಾರಕ್ಕೆಂದು ಬ್ರೆಜಿಲ್ಲಿನ ಹಡಗು ಹತ್ತುವ ಮುನ್ನ, ತಾಯಿಯನ್ನು ಪೋರ್ಚುಗಲ್ಲಿನಿಂದ ಆಮ್‌ಸ್ಟರ್‌ಡಾಮಿಗೆ ಕರೆಸಿಕೊಂಡದ್ದೇ ಅವಳು ತನ್ನ ಧರ್ಮದಲ್ಲಿ ನಿರ್ಭಯವಾಗಿ ಬದುಕಲೆಂದು.

"ಏನತ್ತೆ ಇದು? ಬೀದಿಯವರೆಲ್ಲ ಪ್ರಾರ್ಥನೆಗೆ ಹೊರಟಿದ್ದಾರೆ. ನೀವು ಅವರ ಕಣ್ಣೆದುರಿಗೇ ನೂಲ್ತಾ ಕೂತ್ರೆ ನಾನು ಹೇಗೆ ತಲೆ ಎತ್ಕೊಂಡು ಓಡಾಡ್ಲಿ?"

"ನೂಲ್ತಿಲ್ಲ ಕಣೇ. ಸರಿಯಾಗಿ ನೋಡು," ಎಂದಳು ಮುದುಕಿ.

ತಕಲಿಯಲ್ಲಿ ಒಂದೆಳೆ ನೂಲೂ ಇರಲಿಲ್ಲ.

"ನಮ್ಮೂರಲ್ಲಿ ಶನಿವಾರ ಸುಮ್ನೆ ಕೂತೋರನ್ನ ಚರ್ಚಿನೋರು ಯೆಹೂದಿ ಅಂತ ಹಿಡ್ಕೊಂಡು ಹೋಗಿ ಸುಡ್ತಿದ್ರು. ನನ್ನಕ್ಕನ್ನ ಒಯ್ದಿದ್ದೂ ಹಾಗೇ. ಅದಕ್ಕೇ ಹೆಜ್ಜೆ ಸಪ್ಪಳ ಕೇಳಿದ್ರೆ ತಿರುಗಿಸ್ತೀನಿ, ಹೋದ್ಮೇಲೆ ನಿಲ್ಲಿಸ್ತೀನಿ. ಇಲ್ಲಿ ಅದೆಲ್ಲ ಬೇಡ ಅಂತ ನಂಗೆ ಗೊತ್ತು. ಈ ಹಾಳು ಕೈಗೆ ಗೊತ್ತಾಗಲ್ವಲ್ಲ!"

ರಿಬ್ಕಾ ಆಮ್‌ಸ್ಟರ್‌ಡಾಮಿನಲ್ಲೇ ಹುಟ್ಟಿ ಬೆಳೆದವಳು. ಅಂಥ ಭಯ ಕಂಡವಳಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.

ಕಾಲುವೆಯ ಕಡೆಯಿಂದ ಬೂಟಿನ ಸಪ್ಪಳ ಹತ್ತಿರವಾಯಿತು. ಮುದುಕಿಯ ಬೆರಳುಗಳು ತಕಲಿಯತ್ತ ಹೋದವು. ರಿಬ್ಕಾ ಆ ಕೈಯನ್ನು ತನ್ನ ಎರಡೂ ಕೈಯೊಳಗೆ ಹಿಡಿದುಕೊಂಡಳು. ಅದು ಬಿಡಿಸಿಕೊಳ್ಳಲು ನೋಡಿತು. ಹೊರಗಿನವನು ಕಿಟಕಿಯೊಳಗೆ ನೋಡಿ, ಟೋಪಿ ಎತ್ತಿ ವಂದಿಸಿ, ಮುಂದೆ ಹೋದ.

"ಅಷ್ಟೇನಾ?" ಎಂದಳು ಮುದುಕಿ.

"ಅಷ್ಟೇ ಅತ್ತೆ."