ಶುದ್ಧ ಶಾಕಾಹಾರಿ ವ್ಯಾನಿನಲ್ಲಿ ಮೊಟ್ಟೆಯ ವಾಸನೆ

ಮುಂಬಯಿಯ ವಿಲೆ ಪಾರ್ಲೆಯಲ್ಲಿರುವ ಸದಾನಂದ ಶೆಟ್ಟರ ಶುದ್ಧ ಶಾಕಾಹಾರಿ ಹೋಟೆಲಿನ ಇಪ್ಪತ್ತೆಂಟು ವರ್ಷಗಳ ಇತಿಹಾಸದಲ್ಲಿ ಇಂಥ ಗಂಡಾಂತರ ಬಂದಿರಲಿಲ್ಲ. ಇಡ್ಲಿ ಸಾಗಿಸುವ ವ್ಯಾನು ಮೊಟ್ಟೆ ನಾರುತ್ತಿತ್ತು. ದಿನಾ ಇಡ್ಲಿ ತರಿಸಿಕೊಳ್ಳುವ ಪವಾಯಿಯ ಆಫೀಸಿನವರು ಎರಡು ಸಲ ದೂರಿದ ಮೇಲೆ ಶೆಟ್ಟರು ಸ್ವತಃ ವ್ಯಾನಿನೊಳಗೆ ತಲೆಹಾಕಿ ಮೂಸಿದರು. ಡ್ರೈವರ್ ಯೂನುಸನ ವಿಚಾರಣೆ ಗಲ್ಲಾದ ಮುಂದೆ ನಡೆಯಿತು.

"ಎಂತ ಮಾರಾಯ, ನನ್ನ ಗಾಡಿಯಲ್ಲಿ ಕೂತು ಆಮ್ಲೆಟ್ ಪಾವ್ ತಿನ್ನುವುದಾ ನೀನು?"

"ಇಲ್ರೀ ಸೇಠ. ತತ್ತಿ ತಿಂದ್ರ ನನಗ ಮೈತುಂಬ ದದ್ದು ಏಳ್ತಾವ್ರಿ."

ಇದು ನಿಜವಾಗಿತ್ತು, ನಂಬುವಂತೆ ಮಾತ್ರ ಇರಲಿಲ್ಲ.

"ಸೋಮವಾರದೊಳಗೆ ವಾಸನೆ ಹೋಗದಿದ್ರೆ ಬೇರೆ ಡ್ರೈವರ್ ಬರ್ತಾನೆ," ಎಂದ ಶೆಟ್ಟರು ಡ್ಯಾಶ್‌ಬೋರ್ಡಿನ ಮೇಲೆ ದಿನಕ್ಕೆ ಒಂದರ ಬದಲು ಐದು ಊದುಬತ್ತಿ ಹಚ್ಚತೊಡಗಿದರು. ವ್ಯಾನಿನಲ್ಲೀಗ ಯಾರೋ ಮೊಟ್ಟೆಗೆ ಮಂಗಳಾರತಿ ಎತ್ತಿದ ಹಾಗಿತ್ತು.

ಎಂಟು ವರ್ಷದ ಕೆಲಸ. ಮೊಟ್ಟೆ ತಿಂದು ಹೊರಬಿದ್ದವನೆಂದು ಹೆಸರಾದರೆ ಮತ್ತ್ಯಾವ ಉಡುಪಿ ಹೋಟೆಲಿನವರು ಇಟ್ಟುಕೊಂಡಾರು? ಯೂನುಸ ಗಮನಿಸತೊಡಗಿದ. ನಿಂತ ಗಾಡಿಗೆ ವಾಸನೆಯಿಲ್ಲ, ಪವಾಯಿ ಮುಟ್ಟುವಷ್ಟರಲ್ಲಿ ಮೂಗು ಮುಚ್ಚಬೇಕು. ಶನಿವಾರ ಅಲ್ಲಿಂದ ನೇರ ಚಮನಸಾಬನ ಬಳಿ ಬಂದ. ಆಟೋ ಎಲೆಕ್ಟ್ರಿಷಿಯನ್, ಇವನಂತೆಯೇ ಬಾಗಲಕೋಟಿ ಕಡೆಯವ.

ಚಮನಸಾಬ ಮೂಸಿದ. "ತತ್ತಿ ಅಲ್ಲಪಾ, ಬ್ಯಾಟರಿ ಕುದಿಯಾಕ ಹತ್ತೈತಿ. ಅದರ ಗ್ಯಾಸು ಕೊಳೆತ ತತ್ತಿ ಹಂಗ ನಾರ್ತೈತಿ."

ಸೀಟು ಎತ್ತಿದರೆ ಬ್ಯಾಟರಿಯ ಹೊಟ್ಟೆ ಉಬ್ಬಿತ್ತು. ಮೀಟರ್ ಹಚ್ಚಿದ. "ಹದಿನೈದೂವರಿ ವೋಲ್ಟ್! ಹದಿನಾಲ್ಕರ ಆಜೂಬಾಜೂ ಇರಬೇಕು." ಫ್ಯೂಸ್ ಪೆಟ್ಟಿಗೆಯಿಂದ ಹೆಬ್ಬೆರಳಿನಷ್ಟು ನೀಲಿ ವಸ್ತು ಕಿತ್ತು ತೋರಿಸಿದ. "ಇದನ್ಯಾರೋ ತುರುಕಿದ್ರು?"

ತುರುಕಿದವನು ಶೆಟ್ಟರ ಅಕ್ಕನ ಮಗ ಹಿತೇಶ್. ಹೆಡ್‌ಲೈಟು ಸೂರ್ಯನಾಗುತ್ತದೆಂದು ಆನ್‌ಲೈನಿನಲ್ಲಿ ವೋಲ್ಟೇಜ್ ಬೂಸ್ಟರ್ ಮಾರುವ ಉದ್ಯಮಿ. ಮೊದಲನೆಯದನ್ನು ತೆಂಗಿನಕಾಯಿ ಒಡೆದು ಮಾಮನ ವ್ಯಾನಿಗೇ ಹಾಕಿದ್ದ.

"ಬ್ಯಾಟರಿ ಇನ್ನೂ ಹಸದೈತಿ ಅಂತ ಇದು ಚಾರ್ಜ್ ಮಾಡೋ ಆಲ್ಟರ್ನೇಟರಿಗೆ ಸುಳ್ಳು ಹೇಳ್ತೈತಿ. ಅದು ಪಾಪ, ಉಣಿಸ್ಕೋತನ ಹೊಂಟೈತಿ," ಎಂದ ಚಮನಸಾಬ ಊದುಬತ್ತಿಯ ತುಂಡುಗಳನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ. "ಯಾ ಅಲ್ಲಾ! ಆ ಗ್ಯಾಸಿಗೆ ಒಂದು ಕಿಡಿ ತಾಗಿದ್ರ ಸೀಟಿನ ಸಮೇತ ಪವಾಯಿ ಕೆರಿಗೆ ಹಾರ್ತಿದ್ದೆಲ್ಲೋ!"

ಸಂಜೆ ಇಬ್ಬರೂ ಗಲ್ಲಾದ ಮುಂದೆ ನಿಂತು ಎಲ್ಲವನ್ನೂ ಹೇಳಿದರು. ಹಿತೇಶನೂ ಅಲ್ಲೇ ಕಾಫಿ ಕುಡಿಯುತ್ತಿದ್ದ.

"ಮಾಮಾ, ಫೈವ್ ಸ್ಟಾರ್ ರೇಟಿಂಗ್ ಹೈ! ಬಾಕ್ಸ್ ಮೇಲೆ ಕೂಡ ಹಂಡ್ರೆಡ್ ಪರ್ಸೆಂಟ್ ಸೇಫ್ ಅಂತ ಲಿಖಾ ಹೈ."

"ಬಾಕ್ಸಿನ ಮೇಲೆ ಬರೆಸಿದ್ದು ಯಾರು?"

"ನಾನೇ."

ಊದುಬತ್ತಿ ಹಚ್ಚಿದ ತಮ್ಮ ಕೈಯನ್ನೊಮ್ಮೆ ನೋಡಿಕೊಂಡ ಶೆಟ್ಟರು, "ಎಷ್ಟು ಮಾರಿದ್ದಿ?" ಎಂದರು.

"ನಲವತ್ತು."

"ಎಲ್ಲರಿಗೂ ಫೋನ್ ಮಾಡಿ ತೆಗೆಸು. ಇಲ್ಲೇ ಕೂತು, ನನ್ನೆದುರು." ಆಮೇಲೆ ಯೂನುಸನತ್ತ ತಿರುಗದೆಯೇ, "ಇವರಿಬ್ಬರಿಗೂ ಕಾಫಿ ಕೊಡಿ ಮಾರ್ರೆ," ಎಂದು ಅಡುಗೆಮನೆಯತ್ತ ಕೂಗಿದರು.

ಸೋಮವಾರ ವ್ಯಾನಿಗೆ ಹೊಸ ಬ್ಯಾಟರಿ ಬಂತು, ಡ್ರೈವರ್ ಯೂನುಸನೇ ಉಳಿದ.