ಅತಿಥಿಗೆಂದು ಇಟ್ಟದ್ದು

ಹೋಟೆಲಿನಾಕೆ ಎರಡನೇ ಗುಟುಕನ್ನು ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು, ನುಂಗಿ, ಲೋಟವನ್ನು ಮೇಜಿನ ಮೇಲಿಟ್ಟಳು. ಆಮೇಲೆ ಒಂದು ಬೆರಳಿನಿಂದ ಅದನ್ನು ಆಚೆಗೆ ತಳ್ಳಿದಳು. ಏದುಸಿರು ಬಿಡುತ್ತಾ ಬಾಗಿಲಲ್ಲಿ ಬಂದು ನಿಂತ ಮಗಳಿಗೆ ಮೊದಲು ಕಂಡದ್ದೇ ಆ ತಳ್ಳಿದ್ದು.

“ನೀವು ಊಟದ ಹೊತ್ತಿಗೆ ಬರ್ತೀರಿ ಅಂದ್ಕೊಂಡಿದ್ದೆ,” ಅಂದಳು. “ಶೆಡ್ಡಲ್ಲಿ ನೀರಿನ ಪೈಪು ಸೋರ್ತಿತ್ತು, ಅದನ್ನ ಕಟ್ಟಿ ಓಡಿ ಬಂದೆ.”

“ಪರವಾಗಿಲ್ಲ, ನಾನೇ ಬೇಗ ಬಂದೆ. ನಿಮ್ಮ ತಂದೆ ಒಂದು ನಿಮಿಷಾನೂ ಬೇಜಾರಾಗೋಕೆ ಬಿಡ್ಲಿಲ್ಲ.”

ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಕಪಾಟಿನಿಂದ ಗಾಜಿನ ಒಳ್ಳೆಯ ಲೋಟಗಳು ಹೊರಬಂದಿದ್ದವು. ಬಾಟಲಿಯ ಕುತ್ತಿಗೆಗೆ ಬಿಳಿ ಕರವಸ್ತ್ರ ಸುತ್ತಿತ್ತು. ಒಂದು ಕಾಲದಲ್ಲಿ ದೊಡ್ಡ ವೈನ್ ಕಂಪನಿಯೊಂದರ ನೆಲಮಾಳಿಗೆಯೇ ಇವನ ಕೈಲಿತ್ತು. ಪೀಪಾಯಿಗಳ ನಡುವೆ ಓಡಾಡಿ ಓಡಾಡಿ, ಈ ಲೋಕದಲ್ಲಿ ಏನೇ ಕೆಟ್ಟರೂ ಅದು ಅವಸರದಿಂದಲೇ ಎಂದು ನಂಬಿಕೊಂಡು ನಿವೃತ್ತನಾದವನು. ಇಡಬೇಕು, ಇಟ್ಟಷ್ಟೂ ರುಚಿ ಅನ್ನುವ ಮಾತನ್ನು ಮನೆಯ ಗೋಡೆಗೂ ಬಾಯಿಪಾಠ ಮಾಡಿಸಿದ್ದ.

ಮಗಳು ಮಾಡುವುದು ಬಿಯರ್. ಅದೂ ಹಾಪ್ಸ್ ಹೂವನ್ನು ಕೈಬಿಚ್ಚಿ ಸುರಿದು ಮಾಡುವ ಬಿಯರ್. ಆ ಹೂವಿಗೆ ಕಾಯುವ ಬುದ್ಧಿಯಿಲ್ಲ. ತಣ್ಣಗಿಟ್ಟು ಬೇಗ ಕುಡಿದರೆ ಆಗಷ್ಟೇ ಮೂಸಂಬಿ ಸುಲಿದ ಘಮ, ನಾಲಿಗೆಯ ತುದಿಯನ್ನು ಚುಚ್ಚಿ ಎಬ್ಬಿಸುವ ಕಹಿ. ಬೆಚ್ಚಗೆ ಬಿಟ್ಟು ಮರೆತರೆ ಘಮ ಸತ್ತು, ಕಹಿ ಮೊಂಡಾಗಿ, ಸಿಹಿ ತಲೆ ಎತ್ತಿ, ಕೊನೆಗೆ ನೆನೆದ ರಟ್ಟಿನ ವಾಸನೆ. ಇದನ್ನು ಅಪ್ಪನಿಗೆ ಅವಳು ಹೇಳದ ದಿನವಿಲ್ಲ. ಹೇಳಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.

ಈ ಹೋಟೆಲಿನವರಿಗೆ ಊರ ತುಂಬ ಬಾರುಗಳಿದ್ದವು. ಅವರು ಇವಳ ಬಿಯರ್ ತೆಗೆದುಕೊಂಡರೆ ಅದನ್ನು ಮಾಡುವ ಬಾಡಿಗೆ ಶೆಡ್ಡು ಉಳಿಯುತ್ತದೆ. ಇಲ್ಲವೆಂದರೆ ಶೆಡ್ಡಿನ ಮಾಲೀಕ ಅದನ್ನು ಟೈರ್ ಅಂಗಡಿಯವನಿಗೆ ಕೊಡುತ್ತಾನೆ, ಮಾತಾಗಿಹೋಗಿದೆ. ಟ್ಯಾಂಕುಗಳನ್ನು ಗುಜರಿಗೆ ಹಾಕಿ ಇವಳು ಮತ್ತೆ ಯಾರದೋ ಕಾರ್ಖಾನೆಗೆ ಹೋಗಿ ಬಾಟಲಿ ತೊಳೆಯಬೇಕು. ಈಕೆಗೆ ರುಚಿ ತೋರಿಸಲೆಂದೇ, ಹೊಸ ಬ್ಯಾಚಿನದೆಲ್ಲ ಮಾರಿಹೋದರೂ ಕೊನೆಯ ಮೂರು ಬಾಟಲಿಗಳನ್ನು ಯಾರಿಗೂ ಮುಟ್ಟಲು ಬಿಡದೆ ಮನೆಯ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ನಿಲ್ಲಿಸಿಟ್ಟಿದ್ದಳು.

“ಹೇಗಿದೆ?” ಎಂದು ಕೇಳಿದಳು.

“ಚೆನ್ನಾಗಿದೆ.” ದಿನವೂ ಚೆನ್ನಾಗಿಲ್ಲದ್ದನ್ನು ರುಚಿ ನೋಡಿ ಅಭ್ಯಾಸವಾದವರ ದನಿ ಅದು. “ನಾನು ಬೇರೆ ಥರ ಅಂದ್ಕೊಂಡಿದ್ದೆ. ಇದು ಸ್ವಲ್ಪ ಸಿಹಿ ಜಾಸ್ತಿ. ಸೀದ ಸಕ್ಕರೆ ಥರ.”

ಸಿಹಿ? ಅವಳು ಲೋಟದ ಕಡೆ ನೋಡಿದಳು. ಅವಳ ಬಿಯರಿಗೆ ಒಣಹುಲ್ಲಿನ ಬಣ್ಣ. ಇದರಲ್ಲಿದ್ದದ್ದು ಆರಿದ ಚಹಾದ ಬಣ್ಣ. ಎತ್ತಿ ಮೂಸಿದವಳು ಅಡುಗೆಮನೆಗೆ ಹೋಗಿ ಫ್ರಿಜ್ಜು ತೆರೆದಳು. ಕೆಳಗಿನ ಅರೆಯಲ್ಲಿ ಬಾಟಲಿಗಳಿದ್ದವು, ಆದರೆ ಮಲಗಿದ್ದವು. ಮೇಲಿನ ಚೀಟಿ ಹಸಿರು. ಹಸಿರು ಚೀಟಿ ಅವಳು ಅಂಟಿಸಿದ್ದು ಶೆಡ್ಡು ಹಿಡಿದ ಹೊಸತರಲ್ಲಿ, ಮೊಟ್ಟಮೊದಲ ಬ್ಯಾಚಿಗೆ. ಈಗಿನದಕ್ಕೆ ಹಳದಿ.

“ಅಪ್ಪ, ಇಲ್ಲಿದ್ದ ಬಾಟಲಿ ಎಲ್ಲಿ?”

“ಅದಾ?” ಅಪ್ಪ ಅತಿಥಿಯ ಕಡೆ ನಗುತ್ತಾ ಕೂತಲ್ಲಿಂದಲೇ ಹೇಳಿದ. “ಅದು ಹೊಸದಲ್ವಾ ಪುಟ್ಟಿ. ಬೆಳಿಗ್ಗೆ ಪೇಂಟರ್‌ಗೆ ಕೊಟ್ಟೆ, ಬಿಸಿಲಲ್ಲಿ ಗೋಡೆ ಉಜ್ತಾ ಇದ್ದ ಪಾಪ. ಮನೆಗೆ ಬಂದ ದೊಡ್ಡವರಿಗೆ ಮೊನ್ನೆ ಮೊನ್ನೆ ಮಾಡಿದ್ದನ್ನ ಕೊಡೋಕಾಗುತ್ತಾ? ನಿನ್ನ ಮೊದಲನೇ ಸಲದ್ದು ತೆಗೆದಿಟ್ಟಿದ್ದೆ. ಇಂಥ ದಿನ ಬರುತ್ತೆ ಅಂತ ನನಗೆ ಗೊತ್ತಿತ್ತು.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಫ್ರಿಜ್ಜಿನ ಬಾಗಿಲು ಹಿಡಿದೇ ಕೇಳಿದಳು: “ಎಲ್ಲಿಟ್ಟಿದ್ದೆ?”

“ಮೆಟ್ಟಿಲ ಕೆಳಗೆ. ಬೆಳಕಿಲ್ಲ, ಅಲುಗಾಟ ಇಲ್ಲ. ಕ್ರಮವಾಗಿ ಮಲಗಿಸಿದ್ದೀನಿ.”

ಮೆಟ್ಟಿಲ ಕೆಳಗಿನ ಆ ಗೂಡಿನ ಹಿಂದಿನ ಗೋಡೆಗೆ ಸ್ನಾನದಮನೆಯ ಬಾಯ್ಲರ್ ಒರಗಿಕೊಂಡಿದೆ. ಬೀದಿಯ ಬೆಕ್ಕು ಚಳಿಗೆ ಮರಿ ಹಾಕಲು ಹುಡುಕಿಕೊಂಡು ಬರುವ ಜಾಗ ಅದು. ಕಂಪನಿಯ ನೆಲಮಾಳಿಗೆಯಲ್ಲಿ ತಂಪು ತಾನಾಗಿ ಇರುತ್ತಿತ್ತು. ಮನೆಯ ಮೆಟ್ಟಿಲ ಕೆಳಗೂ ತನಗಾಗಿ ಹಾಗೇ ಇರುತ್ತದೆ ಅಂದುಕೊಂಡಿದ್ದ ಮಹಾನುಭಾವ.

ಅವಳು ಹೊರಗೆ ಬಂದು ಹೋಟೆಲಿನಾಕೆಯ ಎದುರು ನಿಂತಳು. “ಮೇಡಂ, ನಾನು ನಿಮಗೆ ಕೊಡ್ಬೇಕು ಅಂದ್ಕೊಂಡಿದ್ದು ಇದಲ್ಲ. ಇದು ನಾನೇ ಮಾಡಿದ್ದು, ಆದ್ರೆ ಹಳೇದು, ಬಿಸಿ ಜಾಗದಲ್ಲಿ ಬಿದ್ದು ಸತ್ತುಹೋಗಿದೆ. ಒಂದೇ ಒಂದು ಸಲ ಹೊಸದು ಕುಡಿದು ನೋಡಿ. ಮುಂದಿನ ಬ್ಯಾಚು ಬರೋವರೆಗೆ ಕಾಯಿರಿ.”

“ನಿಮ್ಮ ಮಾತು ನಂಬ್ತೀನಿ,” ಅಂದಳು ಆಕೆ. ಒರಟಾಗಿ ಹೇಳಲಿಲ್ಲ, ಅದೇ ಕಷ್ಟವಾಗಿದ್ದು. “ಹೊಸದು ಚೆನ್ನಾಗಿರುತ್ತೆ ಅಂತ ಕೇಳೇ ನಾನು ಇಲ್ಲಿವರೆಗೆ ಬಂದಿದ್ದು. ಆದ್ರೆ ನಮ್ಮ ಉಗ್ರಾಣದಲ್ಲಿ ಹತ್ತಾರು ಜನ ಕೈ ಹಾಕ್ತಾರೆ. ಮಾಡಿದವರ ಮನೆಯಲ್ಲೇ ಇದನ್ನ ಸರಿಯಾಗಿ ಇಡೋಕಾಗ್ಲಿಲ್ಲ ಅಂದ್ರೆ ನಮ್ಮ ಹುಡುಗರು ಇಡ್ತಾರಾ, ನೀವೇ ಹೇಳಿ.”

ಅಪ್ಪ ಎದ್ದು ನಿಂತು ಕೈಮುಗಿದ. ಆಕೆ ಬ್ಯಾಗು ಹೆಗಲಿಗೇರಿಸಿಕೊಂಡು, “ನಿಮ್ಮ ತಂದೆಯವರ ಉಪಚಾರ ಮಾತ್ರ ಮರೆಯಲ್ಲ,” ಎಂದು ಉರಿಯುವ ಬೆಂಕಿಗೆ ತನಗೆ ಗೊತ್ತಿಲ್ಲದೆಯೇ ತುಪ್ಪ ಸುರಿದು ಹೊರಟಳು. ಕಾರು ತಿರುಗಿಕೊಂಡು ಬೀದಿಯ ಕೊನೆ ದಾಟುವವರೆಗೂ ಮಗಳು ಕಿಟಕಿಯಲ್ಲೇ ನಿಂತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ಬಾಯಿಗೂ ಬಂದು, ಹೊರಗೆ ಉಗಿದ ಹಾಗಾಯಿತು.

“ಒಳ್ಳೆ ಹೆಂಗಸು,” ಅಂದ ಅಪ್ಪ, ಮತ್ತೆ ಕೂತು ಕರವಸ್ತ್ರ ಮಡಚುತ್ತಾ. “ರುಚಿ ಹಿಡಿಯೋ ನಾಲಿಗೆ ಮಾತ್ರ ಇಲ್ಲ.”

“ಅಪ್ಪ.”

“ಏನು?”

“ಮೊದಲನೇ ಸಲದ್ದು ನಿನ್ನ ಹತ್ರ ಹೇಗೆ ಉಳೀತು? ಅದನ್ನ ನಿನಗೆ ಕುಡಿಯೋಕೆ ಅಂತ ತಂದುಕೊಟ್ಟಿದ್ದೆ. ಕುಡಿದೆ, ಚೆನ್ನಾಗಿತ್ತು ಅಂದಿದ್ದೆಯಲ್ಲ.”

ಅಪ್ಪ ಮಡಚಿದ ಕರವಸ್ತ್ರವನ್ನು ಬಿಚ್ಚಿ ಮತ್ತೆ ಮಡಚಿದ. ಅವಳು ನೇರ ಮೆಟ್ಟಿಲ ಕೆಳಗೆ ಹೋಗಿ, ಬಗ್ಗಿ, ಪರದೆ ಸರಿಸಿದಳು. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಒಳಗೆ ಹಲಗೆಗಳ ಮೇಲೆ, ನಡುನಡುವೆ ಹಳೆಯ ಟವೆಲಿನ ತುಂಡುಗಳನ್ನು ಹಾಸಿ, ಬಾಟಲಿಗಳನ್ನು ಕೂಸುಗಳ ಹಾಗೆ ಮಲಗಿಸಿದ್ದ. ಹಸಿರು ಚೀಟಿ, ಅದರ ಮೇಲೆ ನೀಲಿ, ಅದರ ಮೇಲೆ ಹಳದಿ. ಪ್ರತಿ ಬ್ಯಾಚು ಇಳಿಸಿದಾಗಲೂ ಅವಳು ಎಲ್ಲರಿಗಿಂತ ಮೊದಲು ಅಪ್ಪನಿಗೆಂದು ತಂದುಕೊಟ್ಟ ಬಾಟಲಿಗಳು. ಒಂದರ ಮುಚ್ಚಳವೂ ತೆರೆದಿರಲಿಲ್ಲ.

‘ಚೆನ್ನಾಗಿತ್ತು ಪುಟ್ಟಿ.’ ಅಷ್ಟೇ ಹೇಳುತ್ತಿದ್ದ, ಹೆಚ್ಚು ಹೊಗಳುವವನಲ್ಲ. ವೈನಿನ ಒಂದು ತೊಟ್ಟಿನಲ್ಲಿ ಯಾವ ಪೀಪಾಯಿ ಎಂದು ಹೇಳುತ್ತಿದ್ದ ಮನುಷ್ಯ ಚೆನ್ನಾಗಿತ್ತು ಅಂದರೆ ಅದು ಚೆನ್ನಾಗಿಯೇ ಇರಬೇಕು ಎಂದು, ಬ್ಯಾಂಕಿನವರು ಬೈದ ದಿನವೂ, ಒಂದು ಟ್ಯಾಂಕು ಪೂರ್ತಿ ಹುಳಿಯಾಗಿ ಚರಂಡಿಗೆ ಬಿಟ್ಟ ದಿನವೂ ಅವಳು ಆ ಮಾತನ್ನೇ ಹಿಡಿದು ಎದ್ದಿದ್ದಳು. ಮೂಸಿಯೂ ನೋಡದವನ ಮಾತು!

“ಇದರಲ್ಲಿ ಒಂದಾದ್ರೂ ಕುಡಿದಿದ್ದೀಯಾ?” ವಾಪಸು ಬಂದು ಕೇಳಿದಳು.

“ನಿನ್ನ ಕೈಯಿಂದ ಆಗಿದ್ದು. ಕುಡಿದು ಮುಗಿಸಿಬಿಟ್ರೆ ಏನುಳಿಯುತ್ತೆ?”

“ಏನೂ ಉಳೀಬಾರ್ದು. ಅದಕ್ಕೇ ನಾನು ಮಾಡೋದು. ಉಳಿದ್ರೆ ಕೆಡುತ್ತೆ ಅಂತ ಬಾಯಿ ನೋಯೋ ಹಾಗೆ ಹೇಳಿದ್ದೀನಿ ನಿನಗೆ.”

“ಇವತ್ತು ಮಾಡಿ ಇವತ್ತೇ ಕುಡಿಯೋದಕ್ಕೆ ಅದೇನು ಮಜ್ಜಿಗೆನಾ? ಒಳ್ಳೇದಾದ್ರೆ ತಡ್ಕೊಬೇಕು.”

“ಹೌದಪ್ಪ, ಎಲ್ಲರೂ ತಡ್ಕೊಬೇಕು ನಿನ್ನ ಮನೇಲಿ.”

“ದನಿ ಎತ್ತಬೇಡ.”

“ಎತ್ತುತ್ತೀನಿ. ಅಮ್ಮನೂ ತಡ್ಕೊಂಡ್ಲು. ಒಳ್ಳೆ ಲೋಟ ಬಂದವರಿಗೆ, ಒಳ್ಳೆ ಬಾಟಲಿ ಮುಂದಕ್ಕೆ, ಒಳ್ಳೆ ಮಾತು ಯಾವತ್ತೋ ಒಂದಿನಕ್ಕೆ. ಬಾಯಿ ಮುಕ್ಕಾದ ಕಪ್ಪಲ್ಲೇ ಕಾಫಿ ಕುಡಿದು ಕುಡಿದು ಹೋದ್ಲು. ಅವಳು ಸತ್ತ ದಿನ ಬಂದವರಿಗೆ ನೀರು ಕೊಡೋಕೆ ಇದೇ ಲೋಟ ತೆಗೆದೆ ನೀನು. ನಾನು ನೋಡ್ತಾ ನಿಂತಿದ್ದೆ.”

ತಾನು ಹೇಳಿದ್ದು ಹೆಚ್ಚಾಯಿತು ಎಂದು ಅವಳಿಗೆ ಅನ್ನಿಸಲಿಲ್ಲ. ಇನ್ನೂ ಇತ್ತು, ಹೊಟ್ಟೆಯ ತಳದವರೆಗೂ ಇತ್ತು, ಯಾವುದನ್ನು ಮೊದಲು ಆಡಬೇಕೆಂದು ತಿಳಿಯಲಿಲ್ಲ ಅಷ್ಟೇ.

ಆಗ ಹಿತ್ತಿಲ ಬಾಗಿಲಲ್ಲಿ ಪೇಂಟರ್ ಕೆಮ್ಮಿದ. ಹುಬ್ಬಿನ ಮೇಲೆಲ್ಲ ಸುಣ್ಣದ ಧೂಳು. ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಬಾಟಲಿ.

“ಅಕ್ಕಾ, ಮಾತು ಕಿವಿಗೆ ಬಿತ್ತು,” ಅಂದ. “ಯಜಮಾನ್ರು ಕೊಟ್ರು ಅಂತ ಎರಡು ಕುಡಿದುಬಿಟ್ಟೆ. ಇದೊಂದು ಮನೆಯವಳಿಗೆ ಅಂತ ಬಕೆಟ್ಟಲ್ಲಿ ಐಸ್ ಹಾಕಿ ಇಟ್ಟಿದ್ದೆ. ಆ ಮೇಡಂಗೆ ಬೇಕಿತ್ತೇನೋ.”

“ಅವರು ಹೋದ್ರು.”

“ಅಯ್ಯೋ. ನಾನು ಹಿಂದಿನ ಗೋಡೆ ಹತ್ರ ಇದ್ದೆ, ಕಾರು ಬಂದಿದ್ದೂ ಗೊತ್ತಿಲ್ಲ.” ಬಾಟಲಿಯನ್ನು ಮುಂದೆ ಚಾಚಿ, “ಒಳ್ಳೇದು ಮಾಡ್ತೀರಕ್ಕ. ಕುಡಿದು ಇಷ್ಟು ಹೊತ್ತಾಯ್ತು, ಆ ಪೇಂಟಿನ ವಾಸನೇಲೂ ಮೂಗಲ್ಲಿ ಇನ್ನೂ ಇದೆ,” ಅಂದ.

ಅವಳಿಗೆ ಅವನ ಮೇಲೂ ಸಿಟ್ಟು ಬಂತು, ಕಾರಣವಿಲ್ಲದೆ. ಬಾಟಲಿ ಇಸಿದುಕೊಂಡು, “ನಿಮ್ಮ ಮನೆಯವರಿಗೆ ಮುಂದಿನ ಬ್ಯಾಚಲ್ಲಿ…” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಮುಂದಿನ ಬ್ಯಾಚು ಎಲ್ಲಿಂದ ಬರಬೇಕು? ಪೇಂಟರ್ ತಲೆಯಾಡಿಸಿ, ಆಡದ ಮಾತಿಗೂ ಸರಿ ಅಕ್ಕಾ ಅಂದು, ಗೋಡೆಯ ಕಡೆ ಹೋದ.

ಅವಳು ಕಪಾಟು ತೆರೆದು ಯಾರೂ ಮುಟ್ಟದ ಇನ್ನೊಂದು ಲೋಟ ತೆಗೆದಳು. ತೊಳೆದಳು. ಮುಚ್ಚಳ ತೆಗೆದು ಸುರಿದಾಗ ಬಿಳಿ ನೊರೆ ಎದ್ದು ನಿಂತಿತು, ಮುಚ್ಚಿದ ಕೋಣೆಯಲ್ಲಿ ಯಾರೋ ಹಣ್ಣು ಸುಲಿದ ಹಾಗೆ ಘಮ ಹರಡಿತು. ಅಪ್ಪನ ಮುಂದೆ ಇಟ್ಟು ಎದುರಿಗೆ ಕೂತಳು.

“ಕುಡಿ.”

“ಈಗ ಬೇಡ. ಸಂಜೆ ನೋಡೋಣ.”

“ಈಗಲೇ ಕುಡಿ. ನಾನು ನೋಡ್ಬೇಕು.”

ಅಪ್ಪ ಲೋಟ ಎತ್ತಿದ. ನೆಲಮಾಳಿಗೆಯ ಅಭ್ಯಾಸ, ಬೆಳಕಿಗೆ ಹಿಡಿದು ನೋಡಿದ, ನಿಧಾನವಾಗಿ ತಿರುಗಿಸಿದ, ಮೂಗನ್ನು ಹತ್ತಿರ ತಂದ. ಮೂಗು ಅಲ್ಲೇ ನಿಂತುಬಿಟ್ಟಿತು. ತೆಗೆಯಲಿಲ್ಲ. ಆಮೇಲೆ ಒಂದು ಗುಟುಕು, ಕಣ್ಣು ಮುಚ್ಚಿ ಇನ್ನೊಂದು. ಬೇರೆ ವಿಷಯದಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಬಲ್ಲ ಆ ಮುಖಕ್ಕೆ ಈ ಒಂದು ವಿಷಯದಲ್ಲಿ ಸುಳ್ಳು ಹೇಳಲು ಬರುತ್ತಿರಲಿಲ್ಲ. ಲೋಟದಲ್ಲಿ ಅರ್ಧ ಉಳಿದಾಗ ಕೆಳಗಿಟ್ಟು, ಕೈ ಚಾಚಿ, ಹೋಟೆಲಿನಾಕೆ ತಳ್ಳಿಹೋಗಿದ್ದ ಲೋಟವನ್ನು ಎಳೆದುಕೊಂಡ. ಅದನ್ನೂ ಮೂಸಿದ. ಅದನ್ನೂ ಕುಡಿದ.

ಹೊರಗೆ ಗೋಡೆ ಉಜ್ಜುವ ಸದ್ದು ಕೇಳುತ್ತಿತ್ತು.

“ಇದನ್ನ ಕೊಟ್ನಾ ನಾನು ಅವರಿಗೆ?” ಅಂದ ಅಪ್ಪ.

“ಕೊಟ್ಟೆ.”

ಹೋಗಲಿ ಬಿಡಪ್ಪ ಅನ್ನುತ್ತಾಳೇನೋ ಎಂದು ಅವನು ಅವಳ ಮುಖ ನೋಡಿದ. ಅವಳು ಅನ್ನಲಿಲ್ಲ. ಅನ್ನುವ ಮನಸ್ಸು ಬರಲಿಲ್ಲ, ಬರುವ ಹಾಗೆ ಮಾಡಿಕೊಳ್ಳಲೂ ಇಲ್ಲ.

ಅವನು ಮೇಜು ಹಿಡಿದು ಎದ್ದು, ಮೆಟ್ಟಿಲ ಕಡೆ ಹೋದ. ಪರದೆ ಸರಿದ ಸದ್ದು. ಮಂಡಿ ಊರುವಾಗಿನ ನರಳಿಕೆ. ಸ್ನಾನದಮನೆಯ ದೀಪ ಹೊತ್ತಿತು. ಮುಚ್ಚಳವೊಂದು ನೆಲಕ್ಕೆ ಬಿದ್ದು ಉರುಳಿತು, ಆಮೇಲೆ ಮೋರಿಗೆ ಬಿಯರು ಗಳಗಳ ಇಳಿಯುವ ಸದ್ದು. ಕಂಪನಿಯಲ್ಲಿ ಪೀಪಾಯಿಯ ತಳದ ಗಸಿಯನ್ನೂ ಚೆಲ್ಲದೆ ವಿನೆಗರ್ ಮಾಡಲು ಇಡುತ್ತಿದ್ದ ಮನುಷ್ಯ. ಮತ್ತೆ ಮೆಟ್ಟಿಲ ಕಡೆ ಹೆಜ್ಜೆ, ಮತ್ತೆ ನರಳಿಕೆ, ಮತ್ತೆ ಮುಚ್ಚಳ.

ಅಪ್ಪನ ಮಂಡಿಗೆ ಬಗ್ಗಲಾಗದು ಎಂದು ಅವಳಿಗೆ ಗೊತ್ತಿತ್ತು. ಏಳಲಿಲ್ಲ.

ಮೇಜಿನ ಮೇಲೆ ಅವನು ಬಿಟ್ಟುಹೋದ ಅರ್ಧ ಲೋಟ ಹಾಗೇ ಇತ್ತು. ನೊರೆ ಇಳಿಯುತ್ತಿತ್ತು, ಗಾಜಿನ ಹೊರಮೈ ಇನ್ನೂ ಬೆವರುತ್ತಿತ್ತು. ಅವಳು ಅದನ್ನು ತನ್ನ ಕಡೆ ಎಳೆದುಕೊಂಡಳು. ಒಳಗೆ ಇನ್ನೊಂದು ಮುಚ್ಚಳ ಬಿದ್ದಿತು. ತಣ್ಣಗಿರುವಾಗಲೇ ಕುಡಿದು ಮುಗಿಸಿದಳು.