ಹಿಂದಿನ ಗಾಜಿನಲ್ಲಿ ಕಂಡ ಊರು

ಸೊಸೆಯ ಮಂಡಿಗೆ ಪ್ಲಾಸ್ಟರ್ ಬಿದ್ದ ದಿನವೇ ಕಂಡಕ್ಟರಮ್ಮ ಕಾರು ಓಡಿಸಲು ಕಲಿಯಬೇಕೆಂದು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದಳು. ಬಾಯಿಬಿಟ್ಟು ಹೇಳಿದ್ದು ವಾರ ಕಳೆದ ಮೇಲೆ, ಅದೂ ಈರುಳ್ಳಿ ಹೆಚ್ಚುತ್ತಾ, ತಲೆ ಎತ್ತದೆ.

"ಏನಂದ್ರಿ ಅತ್ತೆ?" ಎಂದಳು ಸೊಸೆ, ಮಂಚದ ಮೇಲೆ ಕಾಲು ಚಾಚಿ ಕೂತಲ್ಲಿಂದಲೇ.

"ಕಾರು ಕಲೀತೀನಿ ಅಂದೆ. ಕಿವಿಗೂ ಪ್ಲಾಸ್ಟರ್ ಹಾಕಿದಾರಾ?"

"ಈ ವಯಸ್ಸಲ್ಲಾ?"

"ಮತ್ತೆ ಯಾವ ವಯಸ್ಸಲ್ಲಿ? ಇನ್ನೊಂದು ವಯಸ್ಸು ಎಲ್ಲಾದ್ರೂ ಎತ್ತಿಟ್ಟಿದೀನಾ?"

ಸೊಸೆ ನಕ್ಕಳು. ಆದರೆ ನಗುವ ವಿಷಯ ಅದಾಗಿರಲಿಲ್ಲ. ಅವಳದು ನೆಲಕ್ಕೆ ಟೈಲ್ಸ್ ಕೂರಿಸುವ ಕೆಲಸ. ಟೈಲ್ಸ್ ಪೆಟ್ಟಿಗೆ ಹೊತ್ತು ಇಳಿಯುವಾಗ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದಳು. ಆಪರೇಷನ್ ಮಾಡಿದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು: ಪ್ಲಾಸ್ಟರ್ ಬಿಚ್ಚಿದ ದಿನದಿಂದಲೇ ಆಸ್ಪತ್ರೆಗೆ ಬಂದು ವ್ಯಾಯಾಮ ಶುರುಮಾಡಬೇಕು, ದಿನ ಬಿಟ್ಟು ದಿನ, ತಿಂಗಳುಗಟ್ಟಲೆ. ತಪ್ಪಿಸಿದರೆ ಮಂಡಿ ಮಡಚುವುದನ್ನೇ ಮರೆತುಬಿಡುತ್ತದೆ. ಮಂಡಿಯೂರದೆ ನೆಲಕ್ಕೆ ಟೈಲ್ಸ್ ಕೂರಿಸಿದವರನ್ನು ಯಾರೂ ಕಂಡಿಲ್ಲ. ಅಂದರೆ ಸೊಸೆಯ ಕಸುಬಿಗೇ ಕಲ್ಲು ಬಿದ್ದಂತೆ.

ಆಸ್ಪತ್ರೆ ಊರಿನ ಆ ತುದಿಗಿತ್ತು. ಬಸ್ಸಿನಲ್ಲಿ ಹೋಗೋಣವೆಂದರೆ ಫುಟ್‌ಬೋರ್ಡು ಎತ್ತರ, ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಆಟೋದಲ್ಲಿ ಮಡಚಲಾಗದ ಕಾಲು ಹಿಡಿಸದು. ಟ್ಯಾಕ್ಸಿಯೆಂದರೆ, ಇವರ ಗಲ್ಲಿಯೊಳಗೆ ಒಬ್ಬನೂ ಬರುತ್ತಿರಲಿಲ್ಲ. ಗಲ್ಲಿಯ ಕೊನೆಗೆ ಗೋಡೆ, ಎರಡೂ ಪಕ್ಕ ಮನೆಗಳು, ನಡುವೆ ಮೊಣಕೈಯಂತೆ ಒಂದು ತಿರುವು. ಒಳಗೆ ಬಂದವನು ತಿರುಗಿಸಲು ಜಾಗವಿಲ್ಲದೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಟ್ಯಾಕ್ಸಿಯವರು ದೊಡ್ಡ ರಸ್ತೆಯಲ್ಲೇ ನಿಂತು ಹಾರ್ನ್ ಹೊಡೆದು, ಯಾರೂ ಬಾರದಿದ್ದರೆ ಗೊಣಗಿಕೊಂಡು ಹೊರಟುಬಿಡುತ್ತಿದ್ದರು. ಆಪರೇಷನ್ ಮುಗಿಸಿ ಬಂದ ದಿನ ಅಕ್ಕಪಕ್ಕದ ಗಂಡಸರು ಸೊಸೆಯನ್ನು ಕುರ್ಚಿ ಸಮೇತ ಎತ್ತಿ ತಂದಿದ್ದರು. ತಿರುವಿನಲ್ಲಿ ಒಬ್ಬನ ಕೈ ಜಾರಿ, ಪ್ಲಾಸ್ಟರ್ ಕಾಲು ಗೋಡೆಗೆ ತಾಗಿ, ಅವಳ ಪ್ರಾಣ ಬಾಯಿಗೆ ಬಂದಿತ್ತು. "ಸತ್ರೂ ಇನ್ನೊಂದ್ಸಲ ಕುರ್ಚಿ ಹತ್ತಲ್ಲ" ಎಂದು ಅವಳು ಹೇಳಿದ್ದನ್ನು ಕಂಡಕ್ಟರಮ್ಮ ಮರೆತಿರಲಿಲ್ಲ.

ಕಾರು ಮಾತ್ರ ಮನೆಯಲ್ಲೇ ಇತ್ತು. ಹಡಗಿನಲ್ಲಿ ಇಂಜಿನ್ ಕೆಲಸಕ್ಕೆ ಹೋದ ಮಗನ ಕಾರು. ಗಲ್ಲಿಯ ಕೊನೆಯ ಗೋಡೆಗೆ ಮೂತಿ ಚುಚ್ಚಿಕೊಂಡು, ಟಾರ್ಪಾಲು ಹೊದ್ದು, ಮುನಿಸಿಕೊಂಡ ದನದಂತೆ ನಿಂತಿತ್ತು. ಮಗ ಬರುವುದು ಮುಂದಿನ ವರ್ಷ.

ಕಲಿಸಲು ಸಿಕ್ಕವನು ಮೀಸೆ. ಕಂಡಕ್ಟರಮ್ಮ ಟಿಕೆಟ್ ಹರಿದ ಅಷ್ಟೂ ವರ್ಷ ಅದೇ ಬಸ್ಸಿನ ಸ್ಟೇರಿಂಗ್ ಹಿಡಿದವನು ಅವನೇ. ಆ ಮೀಸೆ ಈಗ ಬಿಳಿಯಾಗಿ, ಅರ್ಧಕ್ಕರ್ಧ ಉದುರಿಹೋಗಿತ್ತು. ಹೆಸರು ಮಾತ್ರ ಮೊದಲಿನಷ್ಟೇ ದಪ್ಪಗಿತ್ತು. ತಿಂಗಳುಗಟ್ಟಲೆ ದಿನ ಬಿಟ್ಟು ದಿನ ಅವನನ್ನೇ ಓಡಿಸು ಎಂದು ಕೇಳಲು ಕಂಡಕ್ಟರಮ್ಮನಿಗೆ ಮನಸ್ಸಿರಲಿಲ್ಲ. ಅವನೇ ಕಾರನ್ನು ಹೇಗೋ ತಿಣುಕಾಡಿ ಗಲ್ಲಿಯಿಂದ ಹೊರತಂದು, ಒಂದು ಕಡೆ ಬಾಗಿಲಿಗೆ ಗೀರು ಹಾಕಿಸಿಕೊಂಡು, ಡಿಪೋ ಹಿಂದಿನ ಖಾಲಿ ಮೈದಾನಕ್ಕೆ ತಂದ.

"ಸ್ಟಾರ್ಟ್ ಮಾಡಿ ಅಕ್ಕಾ."

ಮಾಡಿದಳು. ಗೇರು ಹಾಕಿದಳು. ಹಾಕಿ, ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು, ಸುಮ್ಮನೆ ಕೂತಳು.

"ಯಾಕೆ, ಏನಾಯ್ತು?"

"ರೈಟ್ ಅನ್ನಯ್ಯ."

ಮೀಸೆ ಅವಳ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. "ಅಷ್ಟು ವರ್ಷ ನಿಮ್ಮ ಬಾಯಿಂದ ರೈಟ್ ಬೀಳೋ ತನಕ ನಾನು ಗೂಟದ ಹಾಗೆ ಕೂತಿದ್ದೆ. ಇವತ್ತು ನನ್ನ ಪಾಳಿ ಬಂತು ನೋಡಿ!"

"ನಗಾಡಿದ್ದು ಸಾಕು. ಹೇಳ್ತೀಯೋ ಇಲ್ವೋ?"

"ರೈಟ್, ರೈಟ್!" ಎಂದ ಮೀಸೆ, ಗಂಟಲು ಹರಿಯುವಂತೆ. ಕಾರು ಕಪ್ಪೆಯಂತೆ ಒಂದು ನೆಗೆತ ನೆಗೆದು ನಿಂತಿತು.

ಕ್ಲಚ್ಚು, ಬ್ರೇಕು, ಗೇರು ಬೇಗನೆ ಹಿಡಿತಕ್ಕೆ ಬಂದವು. ಅಲುಗಾಡುವ ಬಸ್ಸಿನಲ್ಲಿ ಕಂಬ ಹಿಡಿಯದೆ ನಿಂತು ಚಿಲ್ಲರೆ ಕೊಟ್ಟ ಕಾಲುಗಳು ಅವು. ಗಾಡಿಯ ಮನಸ್ಸು ಅವಕ್ಕೆ ಅರ್ಥವಾಗುತ್ತಿತ್ತು. ಎಡವಟ್ಟು ಶುರುವಾದದ್ದು ರಸ್ತೆಗಿಳಿದ ಮೇಲೆ.

"ಹಾಲಿನ ಅಂಗಡಿ ಹತ್ರ ಎಡಕ್ಕೆ" ಎನ್ನುತ್ತಿದ್ದ ಮೀಸೆ.

"ಎಲ್ಲಿದೆ ಹಾಲಿನ ಅಂಗಡಿ?"

"ಎದುರಿಗೇ ಇದೆಯಲ್ಲಾ! ಎಡಕ್ಕೆ, ಎಡಕ್ಕೆ... ಹೋಯ್ತು."

ಅಂಗಡಿ ದಾಟಿದ ಮೇಲೆ ಕನ್ನಡಿಯಲ್ಲಿ ಅದನ್ನು ಕಂಡು ಕಂಡಕ್ಟರಮ್ಮ "ಅಯ್ಯೋ, ಇದೇ ಕಣೋ!" ಎನ್ನುತ್ತಿದ್ದಳು. ಅಂಚೆ ಕಚೇರಿಯಲ್ಲೂ ಹೀಗೇ ಆಯಿತು. ಸೇತುವೆಯಲ್ಲೂ ಹೀಗೇ. ಕಣ್ಣುಮುಚ್ಚಿಕೊಂಡು ಸ್ಟಾಪುಗಳ ಹೆಸರು ಕೂಗುತ್ತಿದ್ದ ಅವಳದೇ ಹಳೆಯ ದಾರಿಯಲ್ಲಿ ಅವಳೇ ದಿಕ್ಕು ತಪ್ಪಿದ ಕೋಳಿಯಾದಳು. ಒಂದು ದಿನ ಮಾರುಕಟ್ಟೆಯ ತಿರುವು ತಪ್ಪಿ, ತರಕಾರಿ ಇಳಿಸುವ ಲಾರಿಗಳ ಮಧ್ಯೆ ಸಿಕ್ಕಿಬಿದ್ದು, ನಾಲ್ಕೂ ಕಡೆಯಿಂದ ಬೈಸಿಕೊಂಡು ಮನೆಗೆ ಬಂದಳು.

"ನನ್ನ ತಲೆ ಕೆಟ್ಟಿದೆ ಕಣೇ" ಎಂದಳು ಸೊಸೆಗೆ. "ಊರೇ ಗುರುತು ಸಿಗ್ತಿಲ್ಲ. ವಯಸ್ಸಾಯ್ತು. ನಿನ್ನ ಕಾಲನ್ನ ಈ ತಲೆ ನಂಬಿ ಕೂತ್ರೆ ಆಗಲ್ಲ, ಬೇರೆ ಏನಾದ್ರೂ ಯೋಚನೆ ಮಾಡು."

ಸೊಸೆ ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದಳು. ಕೊನೆಗೆ, "ಬೇರೆ ಏನಿದೆ ಅತ್ತೆ?" ಎಂದಳು. ಅಷ್ಟೇ. ಆ ಮಾತು ಕಂಡಕ್ಟರಮ್ಮನ ಎದೆಯಲ್ಲಿ ಮುಳ್ಳಿನಂತೆ ನೆಟ್ಟಿತು.

ಮರುದಿನ ಬೆಳಗ್ಗೆ ಮೀಸೆ ಕಾರಿನ ಕೀಲಿ ಕೇಳಲೇ ಇಲ್ಲ. "ಚಪ್ಪಲಿ ಹಾಕ್ಕೊಳಿ. ಬಸ್ ಹತ್ತೋಣ."

"ಕಾರು ಕಲಿಸು ಅಂದ್ರೆ ಬಸ್ ಹತ್ತಿಸ್ತೀಯಾ?"

"ರಾತ್ರಿಯಿಡೀ ಯೋಚನೆ ಮಾಡಿದೀನಿ, ಸುಮ್ನೆ ಬನ್ನಿ. ನೀವು ದಾಟಿದ್ದನ್ನೆಲ್ಲ ಕನ್ನಡಿಯಲ್ಲಿ ಗುರುತು ಹಿಡೀತೀರಿ. ಎದುರಿಗೆ ಬರೋದು ಮಾತ್ರ ಗೊತ್ತಾಗಲ್ಲ. ಯಾಕೆ ಹೇಳಿ?"

ಕಂಡಕ್ಟರಮ್ಮನಿಗೆ ಹೊಳೆಯಲಿಲ್ಲ. ಬಸ್ಸಿನ ಮುಂದಿನ ಸೀಟಿನಲ್ಲಿ, ದೊಡ್ಡ ಗಾಜಿನ ಎದುರು ಕೂತ ಮೇಲೆ ಹೊಳೆಯಿತು. ಅವಳು ಹುಟ್ಟಿದ ಮೇಲೆ ಈ ಸೀಟಿನಲ್ಲಿ ಕೂತಿದ್ದೇ ಇದು ಮೊದಲು. ಅವಳ ಜಾಗ ಯಾವಾಗಲೂ ಹಿಂದಿನ ಬಾಗಿಲು. ಕೈ ಜನರ ಕಡೆಗೆ, ಕಣ್ಣು ಹಿಂದಿನ ಗಾಜಿನ ಕಡೆಗೆ, ಓಡಿಬರುವವರು ಯಾರು, ಜಾರಿ ಬೀಳುವವರು ಯಾರು ಎಂದು ನೋಡುತ್ತಾ. ಅವರದು ಊರು ಸುತ್ತುವ ಬಸ್ಸು, ಯಾವತ್ತೂ ಒಂದೇ ದಿಕ್ಕಿಗೆ ಸುತ್ತುತ್ತಿತ್ತು. ಮುಂದಿನ ಗಾಜು ಮೀಸೆಯ ಸ್ವತ್ತು, ಹಿಂದಿನದು ಅವಳದು. ಒಂದೇ ಊರನ್ನು ಇಬ್ಬರೂ ಹಂಚಿಕೊಂಡಿದ್ದರು. ಅವನ ಪಾಲಿಗೆ ಮುಖ ಬಂದಿತ್ತು, ಇವಳ ಪಾಲಿಗೆ ಬೆನ್ನು.

"ಟಿಕೆಟ್ ಅಮ್ಮಾ" ಎಂದಳು ಈಗಿನ ಕಂಡಕ್ಟರ್ ಹುಡುಗಿ.

ಟಿಕೆಟ್ ತೆಗೆದುಕೊಂಡ ಕಂಡಕ್ಟರಮ್ಮ, "ಮೊದ್ಲು ಹಿಂದಿನೋರಿಗೆ ಕೊಡಬೇಕು ಮಗೂ, ಅವರು ಬೇಗ ಇಳಿದುಬಿಡ್ತಾರೆ" ಎಂದು ಹೇಳಹೊರಟಳು. ಮೀಸೆ ಅವಳ ಕೈ ಅದುಮಿದ. "ಮುಂದೆ ನೋಡಿ. ಇವತ್ತು ನೀವು ಪ್ಯಾಸೆಂಜರು."

ಮುಂದೆ ನೋಡಿದಳು. ಸೇತುವೆಯ ಆಚೆಗಿನ ಗೋಪುರ ಎದುರಾದಾಗ ಸೀಟಿನಿಂದ ಅರ್ಧ ಎದ್ದೇಬಿಟ್ಟಳು. "ಲೋ ಮೀಸೆ! ಇದಕ್ಕೆ ಗಡಿಯಾರ ಇದೆಯೇನೋ?"

"ಕಟ್ಟಿದಾಗಿನಿಂದ ಇದೆ."

"ನಾನು ಇದನ್ನ ನೀರಿನ ಟ್ಯಾಂಕು ಅಂದ್ಕೊಂಡಿದ್ದೆ!"

ಪಕ್ಕದ ಸೀಟಿನವರು ನಕ್ಕರು. ಅವಳೂ ನಕ್ಕಳು. ಹಾಲಿನ ಅಂಗಡಿಗೆ ಹಸಿರು ಬೋರ್ಡು ಇತ್ತು. ಅಂಚೆ ಕಚೇರಿಗೆ ಕಂಬಗಳಿದ್ದವು. ಮಾರುಕಟ್ಟೆಯ ತಿರುವಿಗೆ ಮೊದಲು ಒಂದು ವಾಲಿದ ಮರವಿತ್ತು, ಯಾರೋ ಬೇಕೆಂದೇ ಕೈ ಚಾಚಿ ದಾರಿ ತೋರಿಸಿದಂತೆ. ಒಂದು ಸುತ್ತು ಮುಗಿಯಿತು. ಅವಳು ಇಳಿಯಲಿಲ್ಲ. ಇನ್ನೊಂದು ಸುತ್ತು, ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ, ಪರಿಚಯವಿದ್ದ ಮನುಷ್ಯನೊಬ್ಬ ಕೊನೆಗೂ ತಿರುಗಿ ನಿಂತು ಮುಖ ತೋರಿಸಿದಂತೆ ಊರು ಅವಳ ಮನಸ್ಸಿನಲ್ಲಿ ಕೂತಿತು.

ಮರುದಿನದಿಂದ ಅವಳು ತಿರುವು ತಪ್ಪಲಿಲ್ಲ. ಉಳಿದದ್ದು ರಿವರ್ಸ್. ಅದೇ ಮೀಸೆಗೆ ದಿಗಿಲು. ಕಲಿಯುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಅಳುವುದು ಅಲ್ಲೇ. ಮೈದಾನದಲ್ಲಿ ಹಳೆಯ ಟೈರುಗಳನ್ನು ಎರಡು ಸಾಲು ಜೋಡಿಸಿ, ನಡುವೆ ತಿರುವು ಕೊಟ್ಟು, ಗಲ್ಲಿಯನ್ನೇ ಕಟ್ಟಿಟ್ಟ. "ನಿಧಾನಕ್ಕೆ. ತಾಗಿದ್ರೂ ಪರವಾಗಿಲ್ಲ, ಟೈರು ಬೈಯಲ್ಲ."

ಕಂಡಕ್ಟರಮ್ಮ ಪಕ್ಕದ ಸೀಟಿನ ಬೆನ್ನಿಗೆ ಕೈಕೊಟ್ಟು, ಸೊಂಟ ತಿರುಗಿಸಿ, ಹಿಂದಿನ ಗಾಜಿನಲ್ಲಿ ನೋಡಿದಳು. ನೋಡುತ್ತಿದ್ದಂತೆ ಅವಳ ಭುಜ ಸಡಿಲವಾಯಿತು. ಇದು ಅವಳ ಗಾಜು. ಎಷ್ಟು ಸಲ ಬಸ್ಸಿನಿಂದಿಳಿದು ಹಿಂದೆ ನಿಂತು "ಬರ್ಲಿ, ಬರ್ಲಿ" ಎಂದು ಕೂಗಿ ಡಿಪೋದ ಇಕ್ಕಟ್ಟಿಗೆ ಬಸ್ಸು ನುಗ್ಗಿಸಿರಲಿಲ್ಲ ಅವಳು! ಕಾರು ದಾರ ಎಳೆದಂತೆ ಹಿಂದಕ್ಕೆ ಸರಿಯಿತು. ತಿರುವಿನಲ್ಲಿ ಒಂದಿಷ್ಟೂ ಅಳುಕದೆ ಬಳುಕಿ ಹೊರಬಂತು. ಒಂದು ಟೈರೂ ಅಲುಗಲಿಲ್ಲ.

ಮೀಸೆ ಉಳಿದಿದ್ದ ಮೀಸೆಯನ್ನು ಸವರಿಕೊಂಡ. "ಅಕ್ಕಾ, ನಿಜ ಹೇಳಲಾ? ಇದು ನನಗೇ ಇಷ್ಟು ಸಲೀಸಾಗಿ ಬರಲ್ಲ."

"ಬಾಗಿಲ ಮೇಲೆ ಗೀರು ನೋಡಿದಾಗ್ಲೇ ಗೊತ್ತಾಯ್ತು."

ಲೈಸೆನ್ಸ್ ಪರೀಕ್ಷೆಯ ಅಧಿಕಾರಿ ಆಕಳಿಸಲು ಬಾಯಿ ತೆರೆದಿದ್ದ. ಬಾಯಿ ಮುಚ್ಚುವಷ್ಟರಲ್ಲಿ ಅವಳ ರಿವರ್ಸ್ ಮುಗಿದಿತ್ತು. ಅವನದು ಒಂದೇ ತಕರಾರು: "ಬಸ್ ಸ್ಟಾಪ್ ಬಂದಾಗೆಲ್ಲ ಯಾಕಮ್ಮಾ ನಿಧಾನ ಮಾಡ್ತೀರಾ?"

"ಹತ್ತೋರು ಯಾರಾದ್ರೂ ಇದ್ರೆ ಅಂತ."

ಅವನು ತಲೆ ಚಚ್ಚಿಕೊಂಡು, ನಗುತ್ತಲೇ ಪಾಸು ಮಾಡಿದ.

ಪ್ಲಾಸ್ಟರ್ ಬಿಚ್ಚುವ ದಿನ ಬಂತು. ಗಲ್ಲಿಗೆ ಗಲ್ಲಿಯೇ ಬಾಗಿಲಿಗೆ ಬಂದು ನಿಂತಿತು. ಸೊಸೆಯನ್ನು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಕಾಲು ಚಾಚಿಸಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದಾಯಿತು. ಮೀಸೆ ದೊಡ್ಡ ರಸ್ತೆಯ ಬಾಯಲ್ಲಿ ಗಾಡಿಗಳನ್ನು ತಡೆಯಲು ಹೋದ. ಮಹಡಿ ಮನೆಯ ಅಜ್ಜ ತನ್ನ ಹೂಕುಂಡಗಳನ್ನು ಒಂದೊಂದಾಗಿ ಒಳಗೆ ಸಾಗಿಸತೊಡಗಿದ.

"ಅಷ್ಟೊಂದು ನಂಬಿಕೆನಾ ನನ್ನ ಮೇಲೆ?" ಎಂದು ಕೂಗಿದಳು ಕಂಡಕ್ಟರಮ್ಮ ಕಿಟಕಿಯಿಂದ.

"ನಿನ್ನ ಮೇಲೆ ನಂಬಿಕೆ ಇದೆಯಮ್ಮಾ. ಕುಂಡದ ಮೇಲಿಲ್ಲ" ಎಂದ ಅಜ್ಜ.

ಅವಳು ತಿರುಗಿ ಕೂತಳು. ಹಿಂದಿನ ಗಾಜಿನ ಮುಂದೆ ಸೊಸೆಯ ಮುಖ. ಬಿಳಿಚಿಕೊಂಡಿತ್ತು. ತುಟಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಪ್ಲಾಸ್ಟರ್ ಹಿಡಿದಿದ್ದಳು, ಅದು ಎಲ್ಲಾದರೂ ಗೋಡೆಗೆ ತಾಗೀತೆಂಬಂತೆ.

"ತಲೆ ಸ್ವಲ್ಪ ಬಗ್ಗಿಸೇ, ರಸ್ತೆ ಕಾಣಲ್ಲ. ಮತ್ತೆ ನಡುಗಬೇಡ. ನನ್ನ ಬಸ್ಸಲ್ಲಿ ಒಬ್ರೂ ಬಿದ್ದಿಲ್ಲ."

"ಬಸ್ ಓಡಿಸ್ತಿದ್ದೋರು ಮೀಸೆ ಮಾವ, ಅತ್ತೆ!"

"ನಿಲ್ಲಿಸ್ತಿದ್ದೋಳು ನಾನು."

ಕಾರು ಹಿಂದಕ್ಕೆ ಹೊರಟಿತು. ನೇರ ದಾರಿ ಸಲೀಸಾಗಿ ದಾಟಿತು. ತಿರುವು ಬರುತ್ತಿದ್ದಂತೆ ಗಲ್ಲಿಯ ಜನರೆಲ್ಲ ಒಮ್ಮೆಗೇ ಗುರುಗಳಾದರು. ಎಡಕ್ಕೆ ಎಂದನೊಬ್ಬ, ಬಲಕ್ಕೆ ಎಂದಳೊಬ್ಬಳು, ಇನ್ನೊಬ್ಬ ಎರಡೂ ಕೈ ಬೀಸಿ ಏನನ್ನೂ ಹೇಳದೆ ಕಿರುಚಿದ. ಒಂದು ಪಕ್ಕ ಗೋಡೆಯ ಮೂಲೆ, ಇನ್ನೊಂದು ಪಕ್ಕ ನೀರಿಳಿಯುವ ಕಬ್ಬಿಣದ ಕೊಳವೆ. ನಡುವೆ ಅಂಗೈ ಅಗಲದಷ್ಟೂ ಉಳಿಕೆಯಿಲ್ಲ. ಕಂಡಕ್ಟರಮ್ಮ ಬ್ರೇಕ್ ಒತ್ತಿದಳು.

"ಎಲ್ಲಾರೂ ಬಾಯಿ ಮುಚ್ಚಿ!"

ತುಂಬಿದ ಬಸ್ಸನ್ನು ಒಂದೇ ಗದರಿಕೆಗೆ ಸುಮ್ಮನಾಗಿಸಿದ ಗಂಟಲು ಅದು. ಗಲ್ಲಿ ಗಪ್‌ಚಿಪ್ಪಾಯಿತು.

ಅವಳು ಕ್ಲಚ್ಚನ್ನು ಉಸಿರಿನಷ್ಟು ಹಗುರವಾಗಿ ಬಿಟ್ಟಳು. ಕೊಳವೆ ಕಿಟಕಿಯ ಪಕ್ಕಕ್ಕೆ ಬಂತು, ಗಾಜಿಗೆ ಮೂಗು ತಾಗಿಸುವಂತೆ ಹಣಕಿತು, ಹಿಂದೆ ಸರಿಯಿತು. ಗೋಡೆಯ ಮೂಲೆ ಸೊಸೆಯ ಪ್ಲಾಸ್ಟರ್ ಕಾಲಿನ ಆಚೆ ಕೂದಲೆಳೆಯಷ್ಟು ದೂರದಲ್ಲಿ ಹಾದುಹೋಯಿತು. ಸೊಸೆ ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಕಣ್ಣು ತೆರೆದಾಗ ಎರಡೂ ಕಡೆ ಆಕಾಶವಿತ್ತು, ಬಿಸಿಲಿತ್ತು, ದೊಡ್ಡ ರಸ್ತೆಯ ಹಾರ್ನ್‌ಗಳ ಗಲಾಟೆಯಿತ್ತು. ನಡುರಸ್ತೆಯಲ್ಲಿ ಎರಡೂ ಕೈ ಅಗಲಿಸಿ ನಿಂತ ಮೀಸೆ, ತಡೆದು ನಿಲ್ಲಿಸಿದ ಗಾಡಿಗಳಿಗೆಲ್ಲ, "ನೋಡ್ರಪ್ಪಾ, ನೋಡಿ! ನಮ್ಮ ಕಂಡಕ್ಟರಮ್ಮ!" ಎಂದು ಸಾರುತ್ತಿದ್ದ. ಗಲ್ಲಿಯೊಳಗಿಂದ ಚಪ್ಪಾಳೆ, ಶಿಳ್ಳೆ, ಪಾತ್ರೆ ಬಡಿತ ಒಟ್ಟಿಗೇ ಉಕ್ಕಿಬಂದವು.

"ಗೀರು?" ಎಂದಳು ಸೊಸೆ.

"ಮೀಸೆ ಹಾಕಿದ್ದು ಬಿಟ್ರೆ ಹೊಸದಿಲ್ಲ."

ಆಮೇಲೆ ಊರು ಎದುರಿನಿಂದ ಬಂತು, ಒಂದೊಂದಾಗಿ, ಹೇಳಿ ಕಳಿಸಿದಂತೆ. ಕಂಡಕ್ಟರಮ್ಮ ಪ್ರತಿ ತಿರುವನ್ನೂ ಹೆಸರು ಹಿಡಿದು ಕೂಗುತ್ತಾ ಓಡಿಸಿದಳು. ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿದಾಗ ಅವಳ ರವಿಕೆ ಬೆವರಿಗೆ ಬೆನ್ನಿಗಂಟಿತ್ತು, ಮುಖ ಮಾತ್ರ ಆಗ ತಾನೇ ಗೆದ್ದ ಪೈಲ್ವಾನನದು.

ಪ್ಲಾಸ್ಟರ್ ಬಿಚ್ಚಿದರು. ಕಾಲು ಕಡ್ಡಿಯಂತಾಗಿತ್ತು. ಮೊದಲ ದಿನ ಮಂಡಿ ಮಡಚಿದ್ದು ಮಡಚಿದ್ದೋ ಅಲ್ಲವೋ ಎನ್ನುವಷ್ಟು. ಸೊಸೆಗೆ ನೋವಿಗೆ ಕಣ್ಣೀರು ಬಂತು. ವ್ಯಾಯಾಮ ಮಾಡಿಸುವಾಕೆ ಬೆವರೊರೆಸಿಕೊಳ್ಳುತ್ತಾ, "ನಾಡಿದ್ದು ಬರ್ತೀರಲ್ವಾ? ಬಹಳ ಜನ ಮೊದಲ ದಿನ ಬಂದು ಆಮೇಲೆ ಕಾಣೆ ಆಗ್ತಾರೆ" ಎಂದಳು.

"ನಾವು ಟೈಮಿಗೆ ಸರಿಯಾಗಿ ಬರೋರು" ಎಂದಳು ಕಂಡಕ್ಟರಮ್ಮ.

ಹಾಗೇ ಬಂದರು. ದಿನ ಬಿಟ್ಟು ದಿನ, ಮಳೆಯಲ್ಲೂ ಬಿಸಿಲಲ್ಲೂ. ಅಜ್ಜ ಕುಂಡಗಳನ್ನು ಒಳಗಿಡುವುದನ್ನು ಬಿಟ್ಟ. ತಿರುವಿನಲ್ಲಿ ಗುರುಗಳೂ ಕಡಿಮೆಯಾದರು, ಕಾರು ಹೊರಗೆ ಹೋಗುವುದನ್ನು ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಮಂಡಿ ಮೊದಲು ಹಟ ಹಿಡಿಯಿತು, ಆಮೇಲೆ ಚೌಕಾಸಿ ಮಾಡಿತು, ಕೊನೆಗೆ ಸೋತಿತು.

ಹೊಸದಾಗಿ ಕಟ್ಟುತ್ತಿದ್ದ ಮನೆಯೊಂದರಲ್ಲಿ ಸೊಸೆಗೆ ಮತ್ತೆ ಕೆಲಸ ಸಿಕ್ಕಿತು. ಮೊದಲ ದಿನ ಕಂಡಕ್ಟರಮ್ಮನೇ ಟೈಲ್ಸ್ ಕತ್ತರಿಸುವ ಯಂತ್ರದ ಸಮೇತ ಅವಳನ್ನು ಕಾರಿನಲ್ಲಿ ತಂದಿಳಿಸಿದಳು. ಹೊರಡಲು ಮನಸ್ಸು ಬಾರದೆ, ಬಾಗಿಲಿಲ್ಲದ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಸಂಜೆ ಕರ್ಕೊಂಡು ಹೋಗೋಕೆ ಬರ್ತೀನಿ."

"ಬೇಡ ಅತ್ತೆ. ಬಸ್ಸಲ್ಲಿ ಬರ್ತೀನಿ. ಈಗ ಫುಟ್‌ಬೋರ್ಡು ಹತ್ತುತ್ತೆ ನನ್ನ ಕಾಲು."

"ಓಹೋ! ಹಾಗಾದ್ರೆ ನಾನು ಇಷ್ಟೆಲ್ಲ ಕಲಿತದ್ದು ದಂಡ ಅನ್ನು."

"ದಂಡ ಯಾಕೆ? ನಾಳೆಯಿಂದ ಸಿಮೆಂಟ್ ಮೂಟೆ ತನ್ನಿ."

"ಕೊಬ್ಬು ನೋಡು ಇವಳದು!" ಎಂದು ಕಂಡಕ್ಟರಮ್ಮ ಬೈದಳು. ಬೈಯುತ್ತಿದ್ದರೂ ಅವಳ ಕಣ್ಣು ಸೊಸೆಯ ಕಾಲಿನ ಮೇಲೇ ಇತ್ತು.

ಸೊಸೆ ಗಾರೆ ಹರಡಿದಳು. ಒಂದು ಟೈಲ್ಸನ್ನು ಬೆಳಕಿಗೆ ಹಿಡಿದು ಅಂಚು ನೋಡಿದಳು. ಆಮೇಲೆ, ಗೋಡೆಯನ್ನಾಗಲೀ ಯಾರ ಕೈಯನ್ನಾಗಲೀ ಹಿಡಿಯದೆ, ಮೊದಲು ಒಂದು ಮಂಡಿ, ಆಮೇಲೆ ಆ ಮಂಡಿ, ಎರಡನ್ನೂ ನೆಲಕ್ಕೂರಿ ಕೂತು, ಮೊದಲ ಟೈಲ್ಸನ್ನು ಮೂಲೆಗಿಟ್ಟು ರಬ್ಬರ್ ಸುತ್ತಿಗೆಯಿಂದ ಟಪಟಪನೆ ತಟ್ಟಿದಳು.